ಚರ್ಮದ ಔಷಧ ಚೀಟಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಫಾರ್ಮಸಿ ವಿದ್ಯಾರ್ಥಿನಿ. ಆಸ್ಪತ್ರೆಯೊಂದರ ಚರ್ಮರೋಗ ವಿಭಾಗದ ಔಷಧ ಚೀಟಿಗಳನ್ನು ನೋಡಿ ವರದಿ ಬರೆಯಬೇಕಿದೆ. ಚೀಟಿಗೆ ಸರಾಸರಿ ಮೂರಕ್ಕೂ ಹೆಚ್ಚು ಔಷಧ ಬರುತ್ತಿದೆ. ಇದು ಅತಿಯಾಯಿತು ಎಂದು ಬರೆಯಬಹುದೇ?

ಉತ್ತರ: ಅಷ್ಟನ್ನೇ ನೋಡಿ ಬರೆಯಬೇಡಿ. ಔಷಧ ಬರೆಯುವ ರೀತಿಯನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಕೊಟ್ಟ ಐದು ಸೂಚಕಗಳು ನಿಮಗೆ ಗೊತ್ತಿರಬೇಕು: ಭೇಟಿಗೆ ಎಷ್ಟು ಔಷಧ, ಜನರಿಕ್ (ಕಂಪನಿಯ ಬ್ರ್ಯಾಂಡ್ ಅಲ್ಲದ, ಔಷಧದ ಮೂಲ) ಹೆಸರಲ್ಲಿ ಬರೆದದ್ದೆಷ್ಟು, ಆಂಟಿಬಯಾಟಿಕ್ ಎಷ್ಟು ಭೇಟಿಯಲ್ಲಿ, ಇಂಜೆಕ್ಷನ್ ಎಷ್ಟರಲ್ಲಿ, ಅಗತ್ಯ ಔಷಧಗಳ ಪಟ್ಟಿಯಿಂದ ಬಂದದ್ದೆಷ್ಟು. ಅವನ್ನು ಮಾಡಿದ್ದು ಸಾಮಾನ್ಯ ಹೊರರೋಗಿಗಳನ್ನು ಮನಸ್ಸಿನಲ್ಲಿಟ್ಟು. ಇಸಬಿನ ರೋಗಿಗೆ ಮಾಯಿಶ್ಚರೈಸರ್, ಉರಿಯೂತ ತಗ್ಗಿಸುವ ಸ್ಟಿರಾಯ್ಡ್ ಮುಲಾಮು, ರಾತ್ರಿಯ ತುರಿಕೆಗೊಂದು ಮಾತ್ರೆ ಬರೆದರೆ ಮೂರಾಯಿತು, ಅದರಲ್ಲಿ ತಪ್ಪೇನಿಲ್ಲ. ಅದೇ ಕ್ಲೊಬೆಟಸಾಲ್ ಎಂಬ ಸ್ಟಿರಾಯ್ಡ್, ಆಂಟಿಬಯಾಟಿಕ್, ಶಿಲೀಂಧ್ರ ನಾಶಕ ಮೂರೂ ಸೇರಿದ ಟ್ಯೂಬು ನಿಮ್ಮ ಲೆಕ್ಕದಲ್ಲಿ ಒಂದೇ ಔಷಧ! ಹಾಗಾಗಿ ಟ್ಯೂಬಿನೊಳಗಿನ ಘಟಕಗಳಿಗೆ ಬೇರೆ ಕಾಲಂ ಹಾಕಿ.

ನಿಜವಾದ ದೋಷ ಸಿಗುವುದು ಬರೆಯದೆ ಬಿಟ್ಟ ಜಾಗದಲ್ಲಿ. ಪ್ರತಿ ಮುಲಾಮಿನ ಮುಂದೆಯೂ ಐದು ಸಂಗತಿ ಹುಡುಕಿ: ಸಾಂದ್ರತೆ, ಒಟ್ಟು ಗ್ರಾಂ, ದೇಹದ ಯಾವ ಭಾಗ, ದಿನಕ್ಕೆಷ್ಟು ಸಲ, ಎಷ್ಟು ದಿನ. 0.05% ಕ್ಲೊಬೆಟಸಾಲ್ ಅತಿ ಪ್ರಬಲ ಸ್ಟಿರಾಯ್ಡ್. ವಯಸ್ಕರಿಗೆ ವಾರಕ್ಕೆ 50 ಗ್ರಾಂ ಮೀರಬಾರದು, ಸಾಮಾನ್ಯವಾಗಿ ಎರಡು ವಾರಕ್ಕಿಂತ ಹೆಚ್ಚು ಬಿಡದೆ ಹಚ್ಚುವಂತಿಲ್ಲ. ಮುಖ, ತೊಡೆಸಂದಿಗೆ ಅದು ಸಲ್ಲದು. ಅಂಥದ್ದರ ಮುಂದೆ ಬರೀ ‘ಹಚ್ಚಿ’ ಎಂದಿದ್ದರೆ ಗುರುತು ಹಾಕಿಕೊಳ್ಳಿ. ರೋಗದ ಹೆಸರೇ ಇಲ್ಲದ ಚೀಟಿಯಲ್ಲಿ ಔಷಧ ಸರಿಯೋ ತಪ್ಪೋ ಎಂದು ತೀರ್ಮಾನಿಸಲಾಗದು. ಅವನ್ನು ಪ್ರತ್ಯೇಕ ಇಡಿ. ಒಂದೇ ಆಸ್ಪತ್ರೆಯಾದರೆ ಕನಿಷ್ಠ 100 ಭೇಟಿ ಬೇಕು, ಅದೂ ಒಂದೇ ತಿಂಗಳದ್ದಾಗಬಾರದು. ಸೆಕೆ, ತೇವ ಹೆಚ್ಚಿದಾಗ ಶಿಲೀಂಧ್ರದಿಂದ ಬರುವ ಹುಳುಕಡ್ಡಿ ಏರಿ ಲೆಕ್ಕವನ್ನೇ ವಾಲಿಸುತ್ತದೆ.

ಪ್ರಶ್ನೆ: ಒಂದು ತೋಳಿಗೆ ದಿನಕ್ಕೆರಡು ಸಲ, ಎರಡು ವಾರ ಹಚ್ಚಲು 15 ಗ್ರಾಂನ ಒಂದೇ ಟ್ಯೂಬು ಬರೆದಿದ್ದಾರೆ. ಸಾಕಾಗುತ್ತದೆಯೇ?

ಉತ್ತರ: ತೋಳಿಗೆಲ್ಲ ಹಬ್ಬಿದ್ದರೆ ಸಾಲದು. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಮುಲಾಮು ಹಿಂಡಿ. ಟ್ಯೂಬಿನ ಬಾಯಿ 5 ಮಿ.ಮೀ. ಇದ್ದರೆ ಅದು ಸುಮಾರು ಅರ್ಧ ಗ್ರಾಂ, ವಯಸ್ಕರ ಎರಡು ಅಂಗೈಯಷ್ಟು, ಬೆರಳೂ ಸೇರಿ, ಜಾಗಕ್ಕೆ ಸಾಕು. ಒಂದು ತೋಳಿಗೆ ಇಂಥ ಮೂರು ಅಳತೆ, ಅಂದರೆ ಒಂದೂವರೆ ಗ್ರಾಂ. ದಿನಕ್ಕೆ 3 ಗ್ರಾಂ. ಐದೇ ದಿನಕ್ಕೆ ಟ್ಯೂಬು ಖಾಲಿ. ಎರಡು ವಾರಕ್ಕೆ 42 ಗ್ರಾಂ ಬೇಕು. ಒಂದೋ ರೋಗಿ ಸವರಿದಂತೆ ಮಾಡಿ ಗುಣವಾಗಲಿಲ್ಲ ಎನ್ನುತ್ತಾರೆ, ಇಲ್ಲವೇ ಮಧ್ಯದಲ್ಲೇ ಬಿಡುತ್ತಾರೆ. ತೊಂದರೆ ಮೊಣಕೈಯಷ್ಟಕ್ಕೇ ಇದ್ದರೆ 15 ಗ್ರಾಂ ಧಾರಾಳ.

ಪ್ರಶ್ನೆ: ಹುಳುಕಡ್ಡಿಗೆ ಸ್ಟಿರಾಯ್ಡ್ ಸೇರಿದ ಮಿಶ್ರ ಕ್ರೀಮು ಹಚ್ಚಿದರೆ ನಾಲ್ಕೇ ದಿನಕ್ಕೆ ತುರಿಕೆ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಯಾಕೆ?

ಉತ್ತರ: ಕೆಂಪು, ತುರಿಕೆ ತಗ್ಗಿಸಿದ್ದು ಸ್ಟಿರಾಯ್ಡ್. ಶಿಲೀಂಧ್ರ ಅಲ್ಲೇ ಇದೆ. ಉಂಗುರದ ಅಂಚು ಮಾಸುವುದರಿಂದ ವೈದ್ಯರಿಗೂ ಗುರುತು ಸಿಗುವುದು ಕಷ್ಟ. ಬೇಕಾದದ್ದು ಶಿಲೀಂಧ್ರ ನಾಶಕ ಮಾತ್ರ ಇರುವ ಕ್ರೀಮು. ಮಚ್ಚೆಯ ಅಂಚು ದಾಟಿ 2 ಸೆಂ.ಮೀ.ವರೆಗೆ ಹಚ್ಚಿ, ಮಾಸಿದಂತೆ ಕಂಡ ಮೇಲೂ ಒಂದೆರಡು ವಾರ ಮುಂದುವರಿಸಬೇಕು. ಹಬ್ಬಿದ್ದರೆ ಅಥವಾ ಮರುಕಳಿಸುತ್ತಲೇ ಇದ್ದರೆ ಮಾತ್ರೆ ಬೇಕಾಗಬಹುದು. ಅದಕ್ಕೆ ಮೊದಲು ಚರ್ಮದ ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿಸುವುದು ಒಳ್ಳೆಯದು. ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬನ್ನೇ ಒಯ್ಯಿರಿ. ಶಿಲೀಂಧ್ರ ನಾಶಕ ಆಗಲೇ ಬಿದ್ದಿದ್ದರೆ ಪರೀಕ್ಷೆಯಲ್ಲಿ ಏನೂ ಕಾಣದೆಯೂ ಹೋಗಬಹುದು.