ಸೈಲೆನ್ಸರ್ ಬೋಲ್ಟು ಪದೇಪದೇ ಸಡಿಲ ಆಗ್ತಿದ್ದರೆ

ಅಣ್ಣ, ನಿಮ್ಮ ಟೂ ಸ್ಟ್ರೋಕ್ ಹುಲ್ಲು ಕಟಿಂಗ್ ಮಿಷನ್ನಿನ ಸೈಲೆನ್ಸರ್ ಬೋಲ್ಟು ಎರಡು ಟ್ಯಾಂಕ್ ಪೆಟ್ರೋಲ್ ಮುಗಿಯೋದರೊಳಗೆ ಕೈಯಲ್ಲೇ ತಿರುಗುವಷ್ಟು ಸಡಿಲ ಆಗ್ತದೆ, ಸ್ಪ್ರಿಂಗ್ ವಾಷರ್ ಹಾಕಿದ್ದಾಯಿತು, ಟೆಫ್ಲಾನ್ ಟೇಪ್ ಸುತ್ತಿದ್ದಾಯಿತು, ಇನ್ನು ವೆಲ್ಡಿಂಗ್ ಮಾಡಿಸಿಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ವೆಲ್ಡಿಂಗ್ ಬೇಡ. ಸಿಲಿಂಡರ್ ಅಲ್ಯೂಮಿನಿಯಂ, ಬೋಲ್ಟು ಕಬ್ಬಿಣ. ಎರಡೂ ಕೂಡೋದಿಲ್ಲ, ಸಿಲಿಂಡರೇ ಹಾಳಾಗ್ತದೆ. ಸಡಿಲ ಇದ್ದ ಹಾಗೇ ಓಡಿಸೋದೂ ಬೇಡ. ಸಂದಿಯಿಂದ ಬರುವ ಬಿಸಿಗಾಳಿ ಪಕ್ಕದ ಪ್ಲಾಸ್ಟಿಕ್ ಕವರ್ ಕರಗಿಸ್ತದೆ, ಪೆಟ್ರೋಲ್ ಪೈಪಿಗೆ ತಾಗಿದರೆ ಬೆಂಕಿಯ ಭಯ.

ಹೋದ ವರ್ಷ ಕೊನೆಕೊಯ್ಲಿಗೆ ಮುಂಚೆ ಅಡಿಕೆ ತೋಟದ ಹುಲ್ಲು ಹೊಡೆಯುವಾಗ ನನ್ನ ಮಿಷನ್ನಿಗೂ ಇದೇ ಆಗಿತ್ತು. ನಾನೂ ಪ್ರತಿ ಸಲ ಇನ್ನಷ್ಟು ಜೋರಾಗಿ ಬಿಗಿದೆ. ಕೊನೆಗೆ ಒಂದು ಕಡೆಯ ಥ್ರೆಡ್ಡೇ ಕಿತ್ತು ಬಂತು. ಅಷ್ಟಾದ ಮೇಲೆ ಗೊತ್ತಾಗಿದ್ದು, ಬಿಗಿ ಕಡಿಮೆ ಆಗಿದ್ದಲ್ಲ, ಬಿಗಿದದ್ದು ನಿಲ್ತಾ ಇರಲಿಲ್ಲ ಅಂತ.

ಬೋಲ್ಟು ಬಿಗಿದಾಗ ಅದು ಕೂದಲೆಳೆಗಿಂತ ಕಡಿಮೆ ಹಿಗ್ಗಿ, ಸ್ಪ್ರಿಂಗಿನ ಹಾಗೆ ಎರಡು ಭಾಗವನ್ನೂ ಎಳೆದು ಹಿಡಿದಿರ್ತದೆ. ಸೈಲೆನ್ಸರಿಗೂ ಸಿಲಿಂಡರಿಗೂ ನಡುವೆ ಇರುವ ತೆಳು ಪ್ಯಾಕಿಂಗ್ (ಗ್ಯಾಸ್ಕೆಟ್) ಬಿಸಿಗೆ ಸ್ವಲ್ಪ ಕುಸಿದರೂ ಆ ಎಳೆತ ಹೋಯಿತು. ಆಮೇಲೆ ಸೈಲೆನ್ಸರ್ ಅಡ್ಡಡ್ಡ ಜಾರಲು ಶುರು ಮಾಡ್ತದೆ. ಹೀಗೆ ಅಡ್ಡ ಜಾರಾಟ ಇದ್ದರೆ ಬೋಲ್ಟು ತಾನಾಗಿ ತಿರುಗಿ ಬಿಚ್ಚಿಕೊಳ್ತದೆ ಅಂತ ಗೆರ್ಹಾರ್ಡ್ ಯುಂಕರ್ ಎನ್ನುವ ಎಂಜಿನಿಯರ್ 1969ರಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಸ್ಪ್ರಿಂಗ್ ವಾಷರ್ ಅದನ್ನು ತಡೆಯೋದಿಲ್ಲ, ಆ ಬಿಸಿಗೆ ಅದರ ಬಿಗುವೂ ಸತ್ತುಹೋಗ್ತದೆ. ಟೆಫ್ಲಾನ್ ಜಾರುವ ವಸ್ತು, ನೀರಿನ ಪೈಪಿಗೆ ಸರಿ, ಇಲ್ಲಿಗೆ ಅಲ್ಲ. ನೈಲಾನ್ ಇರುವ ಲಾಕ್ ನಟ್ಟೂ ಸೈಲೆನ್ಸರ್ ಹತ್ತಿರ ಉಳಿಯೋದಿಲ್ಲ. ಬೋಲ್ಟು ಬಿಚ್ಚದ ಹಾಗೆ ಥ್ರೆಡ್ಡಿಗೆ ಹಚ್ಚುವ ನೀಲಿ ಅಂಟು, ಅಂದರೆ ಥ್ರೆಡ್ ಲಾಕರ್, ತಡೆಯೋದು ಸುಮಾರು 180 ಡಿಗ್ರಿ ತನಕ. ಹ್ಯಾಂಡಲ್ ಕ್ಲ್ಯಾಂಪಿಗೆ, ಸ್ಟಾರ್ಟರ್ ಕವರಿಗೆ ಅದನ್ನು ಹಾಕಿ, ಇಲ್ಲಿ ನಂಬಬೇಡಿ.

ಮಿಷನ್ ಪೂರ್ತಿ ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ತೆಗೆದಿಟ್ಟು ಸೈಲೆನ್ಸರ್ ಬಿಚ್ಚಿ. ಹಳೇ ಪ್ಯಾಕಿಂಗನ್ನು ಬಿಸಾಡುವ ಮೊದಲು ಬೆಳಕಿಗೆ ಹಿಡಿದು ನೋಡಿ. ಒಂದು ಬದಿ ಬೂದು ಬಣ್ಣ, ಇನ್ನೊಂದು ಬದಿ ಹೊರ ಅಂಚಿನ ತನಕ ಕಪ್ಪು ಜಿಡ್ಡು ಇದ್ದರೆ, ಕಪ್ಪಾದ ಕಡೆ ಮುಖ (ಪ್ಯಾಕಿಂಗಿಗೆ ಒತ್ತುವ ಸಪಾಟು ಭಾಗ) ಸರಿಯಾಗಿ ಕೂತಿಲ್ಲ ಅಂತ ಅರ್ಥ. ನನ್ನದರಲ್ಲಿ ಹಾಗೇ ಇತ್ತು. ಗಾಜಿನ ಮೇಲೆ 220 ನಂಬರಿನ ಎಮರಿ ಪೇಪರ್ ಹಾಸಿ ಸೈಲೆನ್ಸರಿನ ಮುಖವನ್ನು ನಾಲ್ಕು ಸಲ ಉಜ್ಜಿದರೆ ಎತ್ತರ ಇರುವಲ್ಲಿ ಹೊಳಪು ಬರ್ತದೆ, ತಗ್ಗು ಕಪ್ಪಾಗೇ ಉಳೀತದೆ. ಸುತ್ತ ಒಂದೇ ಹೊಳಪು ಬರುವ ತನಕ ಉಜ್ಜಿ. ಸಿಲಿಂಡರಿನ ಮುಖ ಕೆರೆಯುವಾಗ ಸ್ಟಾರ್ಟರ್ ಹಗ್ಗ ನಿಧಾನ ಎಳೆದು ಪಿಸ್ಟನ್ ಮೇಲಕ್ಕೆ ತಂದು ಹೊಗೆ ಹೋಗುವ ಕಿಂಡಿ ಮುಚ್ಚಿಕೊಳ್ಳಿ, ಕರಿ ಒಳಗೆ ಬೀಳಬಾರದು.

ಇನ್ನೊಂದು ಕಾರಣ ತುಂಬಾ ಜನಕ್ಕೆ ಹೊಳೆಯೋದೇ ಇಲ್ಲ. ಸಿಲಿಂಡರಿನಲ್ಲಿ ಬೋಲ್ಟು ಕೂರುವ ತೂತಿನ ತಳದಲ್ಲಿ ಕರಿ, ಮಣ್ಣು ಕೂತಿದ್ದರೆ, ಅಥವಾ ಅಂಗಡಿಯಿಂದ ತಂದ ಬೋಲ್ಟು ಎರಡು ಮಿಲಿಮೀಟರ್ ಉದ್ದ ಇದ್ದರೆ, ಅದು ತಳಕ್ಕೆ ತಾಗಿ ನಿಲ್ತದೆ. ಕೈಗೆ ಬಿಗಿ ಅನ್ನಿಸ್ತದೆ, ಆದರೆ ಸೈಲೆನ್ಸರನ್ನು ಒತ್ತಿ ಹಿಡಿದೇ ಇರೋದಿಲ್ಲ. ಒಂದು ತಂತಿ ತೂತಿಗೆ ಇಳಿಸಿ ಆಳ ಗುರುತು ಮಾಡಿ. ಸೈಲೆನ್ಸರ್, ಪ್ಯಾಕಿಂಗ್, ವಾಷರ್ ಎಲ್ಲಾ ಸೇರಿಸಿದ ಮೇಲೆ ಹೊರಗೆ ಉಳಿಯುವ ಬೋಲ್ಟಿನ ಉದ್ದ ಆ ಗುರುತಿಗಿಂತ ಕಡಿಮೆ ಇರಬೇಕು. 5 ಎಂಎಂ ಬೋಲ್ಟಾದರೆ 8ರಿಂದ 10 ಎಂಎಂ ಥ್ರೆಡ್ಡು ಅಲ್ಯೂಮಿನಿಯಂ ಒಳಗೆ ಹೋದರೆ ಒಳ್ಳೆಯದು. ಹಳೇ ಬೋಲ್ಟನ್ನು ಹೊಸದರ ಪಕ್ಕ ಹಲ್ಲಿಗೆ ಹಲ್ಲು ಕೂಡಿಸಿ ಬೆಳಕಿಗೆ ಹಿಡೀರಿ; ನಡುವೆ ಬೆಳಕು ಕಂಡರೆ ಅದು ಎಳೆದುಹೋಗಿದೆ, ಮತ್ತೆ ಹಾಕಬೇಡಿ.

ಥ್ರೆಡ್ಡನ್ನು ಪೆಟ್ರೋಲಲ್ಲಿ ತೊಳೆದು ಒಣಗಿಸಿ, ಹೊಸ ಪ್ಯಾಕಿಂಗ್ ಹಾಕಿ, ಎರಡೂ ಬೋಲ್ಟನ್ನು ಬೆರಳಲ್ಲೇ ಪೂರ್ತಿ ಕೂರಿಸಿ, ಆಮೇಲೆ ಅದಕ್ಕೊಮ್ಮೆ ಇದಕ್ಕೊಮ್ಮೆ ಅಂತ ಬಿಗೀರಿ. ಅಲೆನ್ ಕೀಗೆ ಪೈಪ್ ಸಿಕ್ಕಿಸಬೇಡಿ. ಹತ್ತು ನಿಮಿಷ ಓಡಿಸಿ, ಪೂರ್ತಿ ತಣಿಯಲು ಬಿಟ್ಟು, ಮತ್ತೊಮ್ಮೆ ಬಿಗೀರಿ. ಹೊಸ ಪ್ಯಾಕಿಂಗ್ ಕುಸಿಯೋದು ಆ ಮೊದಲ ಬಿಸಿಗೇ. ನಾನು ಇಷ್ಟು ದಿನ ಬಿಟ್ಟಿದ್ದ ಹೆಜ್ಜೆ ಇದೇ.

ಥ್ರೆಡ್ ಈಗಾಗಲೇ ಹೋಗಿದ್ದರೆ ದೊಡ್ಡ ಬೋಲ್ಟಿಗೆ ಟ್ಯಾಪ್ ಹೊಡೆಸುವ ಬದಲು ಲೇತ್ ಅಂಗಡಿಯಲ್ಲಿ ಹೆಲಿಕಾಯಿಲ್ ಹಾಕ್ತಾರಾ ಕೇಳಿ. ಸ್ಟೀಲ್ ಸುರುಳಿ ಅಲ್ಯೂಮಿನಿಯಂ ಒಳಗೆ ಕೂರ್ತದೆ, ಬೋಲ್ಟು ಮೊದಲಿನ ಅಳತೆಯದೇ ಸಾಕು.

ಇಷ್ಟಾದ ಮೇಲೂ ಸಡಿಲ ಆದರೆ ಬ್ಲೇಡ್ ಬಿಚ್ಚಿ ನೋಡಿ. ಕಲ್ಲಿಗೆ ತಾಗಿ ಒಂದು ಹಲ್ಲು ಮುರಿದಿದ್ದರೂ ಇಡೀ ಮಿಷನ್ ನಡುಗ್ತದೆ. ಬ್ಲೇಡಿನ ಫೋಟೋ, ಹಳೇ ಪ್ಯಾಕಿಂಗಿನ ಎರಡೂ ಬದಿಯ ಫೋಟೋ ಇಲ್ಲಿ ಹಾಕಿ, ನೋಡಿ ಹೇಳ್ತೇನೆ.