ಕಾಲೇಜಿನ ಹತ್ತು ನಿಮಿಷದ ಕಿರುಚಿತ್ರಕ್ಕೆ 60,000 ರೂಪಾಯಿಯೊಳಗೆ ಸೋನಿ ಕೊಳ್ಳಲೋ, ಕ್ಯಾನನ್ ಕೊಳ್ಳಲೋ?

ಎರಡೂ ಬೇಡ. ಕೊಳ್ಳಲೇಬೇಡಿ, ಬಾಡಿಗೆಗೆ ತನ್ನಿ.

ಅಂತಿಮ ವರ್ಷದಲ್ಲಿ ನಾವೂ ಇದೇ ಚರ್ಚೆಯಲ್ಲಿ ಎರಡು ತಿಂಗಳು ಕಳೆದು, ಕೊನೆಗೆ ಒಳ್ಳೆಯ ಮಿರರ್‌ಲೆಸ್ ಕ್ಯಾಮೆರಾವನ್ನೇ ಬಾಡಿಗೆಗೆ ತಂದೆವು. ಆದರೂ ಹಾಸ್ಟೆಲ್ ಕೋಣೆಯ ನಾಲ್ಕು ದೃಶ್ಯ ಹಾಳಾದವು. ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಗೋಡೆಯ ಮೇಲೆಲ್ಲ ಮಬ್ಬು ಪಟ್ಟಿಗಳು ಮಿನುಗುತ್ತಿದ್ದವು. ಕಾರಣ ಇಷ್ಟೇ: ಮೆನುವಿನಲ್ಲಿ ಎನ್‌ಟಿಎಸ್‌ಸಿ (ಅಮೆರಿಕದಂಥ 60 ಹರ್ಟ್ಜ್ ದೇಶಗಳ ವಿಡಿಯೊ ಪದ್ಧತಿ) ಇತ್ತು. ಸೆಕೆಂಡಿಗೆ 30 ಫ್ರೇಮ್ ಅಂದರೆ 30 ಚಿತ್ರ, ಶಟರ್ 1/60, ಅಂದರೆ ಪ್ರತಿ ಫ್ರೇಮಿಗೂ ಸೆಕೆಂಡಿನ ಅರವತ್ತನೇ ಒಂದು ಭಾಗದಷ್ಟು ಹೊತ್ತು ಬೆಳಕು. ಅದನ್ನು ನಾನು ಮುಟ್ಟಲಿಲ್ಲ.

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕ್ಯಾಮೆರಾ ರಿವ್ಯೂಗಳಲ್ಲಿ ಇದು ಸಿಗುವುದು ಅಪರೂಪ. ನಮ್ಮ ದೇಶದ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸುತ್ತು; ಪ್ರತಿ ಸುತ್ತಿಗೂ ಬೆಳಕು ಎರಡು ಸಲ ಏರಿಳಿಯುತ್ತದೆ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ, ಅಂದರೆ 10 ಮಿಲಿಸೆಕೆಂಡಿಗೊಮ್ಮೆ. ಅಗ್ಗದ ಎಲ್‌ಇಡಿ ಬಲ್ಬುಗಳೂ ಎಷ್ಟೋ ಸಲ ಹಾಗೆಯೇ. ಶಟರ್ 1/50 ಇಟ್ಟರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಏರಿಳಿತ ಸಿಗುತ್ತದೆ, ಹೊಳಪು ಒಂದೇ ಸಮ. 1/60 ಇಟ್ಟರೆ ಒಂದೂಮುಕ್ಕಾಲಿಗಿಂತ ತುಸು ಕಡಿಮೆ. ಒಂದು ಫ್ರೇಮಿಗೆ ಹೆಚ್ಚು ಬೆಳಕು, ಮುಂದಿನದಕ್ಕೆ ಕಡಿಮೆ. ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುವುದರಿಂದ ಆ ವ್ಯತ್ಯಾಸ ಪಟ್ಟಿಯಾಗಿ ಕಾಣುತ್ತದೆ. ಕ್ಯಾಮೆರಾದ ಮೂರು ಇಂಚಿನ ಪರದೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಎಡಿಟಿಂಗಿನಲ್ಲಿ ಡಿಫ್ಲಿಕರ್ (ಮಿನುಗು ತಗ್ಗಿಸುವ ಎಫೆಕ್ಟ್) ಹಾಕಿ ನೋಡಿದೆವು: ಒಟ್ಟು ಹೊಳಪು ಸ್ವಲ್ಪ ಸಮವಾಯಿತು, ಪಟ್ಟಿ ಉಳಿಯಿತು. ನಾಲ್ಕೂ ದೃಶ್ಯ ಮತ್ತೆ ತೆಗೆಯಬೇಕಾಯಿತು.

ಆದ್ದರಿಂದ ಕ್ಯಾಮೆರಾ ಕೈಗೆ ಬಂದ ಕೂಡಲೇ ಪಾಲ್‌ಗೆ (50 ಹರ್ಟ್ಜ್ ದೇಶಗಳ ಪದ್ಧತಿ) ಬದಲಿಸಿ, 25 ಫ್ರೇಮ್, ಶಟರ್ 1/50. ಸ್ಲೋ ಮೋಷನ್ ಬೇಕಿದ್ದರೆ 50 ಫ್ರೇಮ್, 1/100. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸ್ಪಂದನೆ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಎರಡನ್ನೂ ಆಟೋದಿಂದ ತೆಗೆದುಬಿಡಿ. ಬಿಸಿಲಿನಲ್ಲಿ ಬೆಳಕು ಜಾಸ್ತಿಯಾಯಿತೆಂದು ಶಟರ್ ಏರಿಸಬೇಡಿ, ಓಡಾಟವೆಲ್ಲ ಕಡಿದು ಕಡಿದು ಕಾಣುತ್ತದೆ. ಐಎಸ್‌ಒ 100, 1/50ರಲ್ಲಿ ನೆತ್ತಿ ಬಿಸಿಲಿಗೆ ಎಫ್22, ಅಂದರೆ ಲೆನ್ಸಿನ ತೂತು ಬಹಳ ಕಿರಿದಾಗಿರಬೇಕು. ತೂತು ದೊಡ್ಡದು ಮಾಡಿ ಎಫ್4ಕ್ಕೆ ಇಳಿಯಬೇಕಿದ್ದರೆ ಐದು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧ) ತಗ್ಗಿಸಬೇಕು, ಅಂದರೆ ಬೆಳಕು ತಡೆಯುವ ಎನ್‌ಡಿ32 ಫಿಲ್ಟರ್. ಲೆನ್ಸಿನ ಜೊತೆಗೆ ಅದನ್ನೂ ಕೇಳಿ ತನ್ನಿ.

ಮಾಡೆಲ್ ಬಗ್ಗೆ ನನಗಿರುವುದು ಒಂದೇ ಹಟ: ಮೈಕ್ ಜ್ಯಾಕ್ ಇರಬೇಕು. ಕ್ಯಾನನ್ 1500ಡಿಯಲ್ಲಿ ಇಲ್ಲ, 200ಡಿ ಮಾರ್ಕ್ 2ರಲ್ಲಿ ಇದೆ. ಎರಡನೆಯದರಲ್ಲಿ 4ಕೆ ಹಾಕಿದರೆ ಚಿತ್ರ ವಿಪರೀತ ಕ್ರಾಪ್ ಆಗುತ್ತದೆ (ಅಂಚುಗಳು ಕತ್ತರಿಸಿಹೋಗುತ್ತವೆ), ಅದರಲ್ಲಿ ಫುಲ್ ಎಚ್‌ಡಿಯೇ ಸಾಕು. ಸೋನಿ ಜೆಡ್‌ವಿ-ಇ10ರಲ್ಲಿ ಮೈಕ್ ಜೊತೆ ಹೆಡ್‌ಫೋನ್ ಜ್ಯಾಕೂ ಇದೆ. ಆದರೆ ಬಾಡಿಯಲ್ಲಿ ಸ್ಟೆಬಿಲೈಸೇಷನ್ (ಕೈನಡುಕ ತಡೆಯುವ ವ್ಯವಸ್ಥೆ) ಇಲ್ಲ, ಟ್ರೈಪಾಡ್ ಬೇಕೇ ಬೇಕು. ಲಾಗ್ ಪ್ರೊಫೈಲ್ (ಆಮೇಲೆ ಬಣ್ಣ ತಿದ್ದಲೆಂದು ಮಂಕಾಗಿ ತೆಗೆಯುವ ಬಗೆ) ಮುಟ್ಟಬೇಡಿ: ಇವು ಬಣ್ಣದ ಛಾಯೆಗಳು ಕಡಿಮೆ ಇರುವ 8 ಬಿಟ್ ಕ್ಯಾಮೆರಾಗಳು, ಕಲರ್ ಎಳೆದಾಡಿದರೆ ಆಕಾಶ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಲೆನ್ಸ್ 50 ಎಂಎಂ ಒಂದನ್ನೇ ನೆಚ್ಚಬೇಡಿ. ಕ್ಯಾನನ್ನಿನ ಕ್ರಾಪ್ (ಅಂದರೆ ಚಿಕ್ಕ) ಸೆನ್ಸರಿನ ಮೇಲೆ ಅದು 80 ಎಂಎಂನಂತೆ ಕಾಣುತ್ತದೆ, ಹತ್ತಡಿ ಕೋಣೆಯಲ್ಲಿ ಹಿಂದೆ ಸರಿಯಲು ಗೋಡೆ ಬಿಡುವುದಿಲ್ಲ. 24 ಎಂಎಂ ಕೂಡ ಇರಲಿ. 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ ಮೆಗಾಬಿಟ್) ರೆಕಾರ್ಡ್ ಮಾಡಿದರೆ ಗಂಟೆಗೆ 45 ಜಿಬಿ ಬೇಕು, 64 ಜಿಬಿಯ, ವೇಗವಾಗಿ ಬರೆಯುವ ವಿ30 ಕಾರ್ಡು ಎರಡು ಇಟ್ಟುಕೊಳ್ಳಿ.

ಉಳಿದ ಹಣ ಧ್ವನಿಗೆ ಸುರಿಯಿರಿ. ಒಂದು ರೆಕಾರ್ಡರ್, ಉದ್ದ ಕೋಲಿನ ತುದಿಗೆ ಕಟ್ಟುವ ಒಂದು ಬೂಮ್ ಮೈಕ್, ಅದನ್ನು ಹಿಡಿಯುವುದೇ ಕೆಲಸವಾಗಿರುವ ಒಬ್ಬ ಗೆಳೆಯ. ರೆಕಾರ್ಡರಿನಲ್ಲಿ 48 ಕಿಲೋಹರ್ಟ್ಜ್, 24 ಬಿಟ್ ಇಡಿ, ಮಾತು ಅತಿ ಜೋರಾದಾಗಲೂ ಮೀಟರ್ ಮೈನಸ್ 12 ಡೆಸಿಬಲ್ ದಾಟದಿರಲಿ. ಟೇಕಿಗೆ ಮುಂಚೆ ಚಿತ್ರಕ್ಕೆ ಧ್ವನಿ ಹೊಂದಿಸಲು ಒಂದು ಚಪ್ಪಾಳೆ, ಫ್ಯಾನ್ ಆಫ್. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಅರ್ಧ ನಿಮಿಷ ಬರೀ ಕೋಣೆಯ ಸದ್ದು ರೆಕಾರ್ಡ್ ಮಾಡಿ, ಕಟ್‌ಗಳ ನಡುವೆ ತುಂಬಲು ಬೇಕಾಗುತ್ತದೆ.

ಶೂಟಿಂಗಿಗೆ ಎರಡು ದಿನ ಮೊದಲು ಅದೇ ಕೋಣೆಗೆ ಅದೇ ಹೊತ್ತಿಗೆ ಹೋಗಿ, ಅದೇ ಲೈಟು ಹಾಕಿ ಒಂದು ನಿಮಿಷ ತೆಗೆದು ಲ್ಯಾಪ್‌ಟಾಪಿನಲ್ಲಿ ನೋಡಿ. ನಾನಂತೂ ಈಗ ಗೋಡೆಯನ್ನೇ ಮೊದಲು ನೋಡುವುದು.