ಗೋಷ್ಠಿಯ ಹುರುಪು ಬರವಣಿಗೆಗೆ ಇಳಿಯಬೇಕಾದರೆ

ಪ್ರಿಯ ಓದುಗರೆ,

ಬದಿಯಡ್ಕದಿಂದ ನೀವು ಬರೆದ ಪತ್ರ ತಲುಪಿದೆ. ಕಾಸರಗೋಡಿನ ಕಥಾಗೋಷ್ಠಿಯಲ್ಲಿ ಹಿರಿಯ ಲೇಖಕರಿಬ್ಬರ ಮಾತು ಕೇಳಿ ಹೊರಟಾಗ ಬಸ್ಸಿನಲ್ಲೇ ಇಡೀ ಕತೆ ಹೊಳೆಯಿತು, ಮರುದಿನ ಕೂತರೆ ಅರ್ಧ ಪುಟಕ್ಕೆ ನಿಂತಿತು, ಬರೆದಷ್ಟೂ ಆ ಲೇಖಕರ ಧಾಟಿಯಲ್ಲೇ ಇತ್ತು ಎಂದಿದ್ದೀರಿ. ಇಂಥ ಗೋಷ್ಠಿಗಳಿಂದ ಬರೆಯುವವರಿಗೆ ನಿಜವಾಗಿ ಪ್ರಯೋಜನವಿದೆಯೆ, ನಿಮ್ಮ ಕತೆಯನ್ನು ಅವರಿಗೇ ಓದಲು ಕೊಡಬಹುದೆ ಎಂದು ಕೇಳಿದ್ದೀರಿ.

ಪ್ರಯೋಜನ ಖಂಡಿತ ಇದೆ. ಆದರೆ ಹುರುಪೊಂದನ್ನೇ ಹೊತ್ತು ತಂದರೆ ಅದು ಬೆಳಗಾಗುವುದರೊಳಗೆ ಆರುತ್ತದೆ. ವೇದಿಕೆಯಲ್ಲಿ ಲೇಖಕರು ಆಡುವುದು ಬರೆದು ಮುಗಿಸಿದ ಮೇಲಿನ ಮಾತು. ತಿದ್ದಿದ್ದು, ಹರಿದುಹಾಕಿದ್ದು, ತಿಂಗಳುಗಟ್ಟಲೆ ಕೈಬಿಟ್ಟದ್ದು ಎಲ್ಲವೂ ನಲವತ್ತು ನಿಮಿಷದ ಭಾಷಣದಲ್ಲಿ ನೇರವಾದ ಒಂದೇ ದಾರಿಯಾಗಿ ಕೇಳಿಸುತ್ತದೆ. ಅದನ್ನೇ ನಂಬಿ ಕೂತವರಿಗೆ ಮೊದಲ ತೊಡಕೇ ಸೋಲಿನ ಹಾಗೆ ಕಾಣುತ್ತದೆ. ಬಸ್ಸಿನಲ್ಲಿ ನಿಮಗೆ ಹೊಳೆದದ್ದು ಬಹುಶಃ ಕತೆ ಮುಗಿದಾಗಿನ ಭಾವ ಮಾತ್ರ. ಯಾರು ಯಾರಿಗೆ ಏನೆಂದರು ಎಂಬುದು ಆಗಿನ್ನೂ ಹುಟ್ಟಿರಲಿಲ್ಲ.

ಹಾಗಾಗಿ ಲೇಖಕರು ಬರೆಯುವಾಗ ಮಾಡಿದ ತೀರ್ಮಾನಗಳಿಗೆ ಕಿವಿಗೊಡಿ. ನಮ್ಮ ಮಂಜೇಶ್ವರದ ಗೋವಿಂದ ಪೈಗಳನ್ನೇ ನೋಡಿ. ಪದ್ಯವೆಂದರೆ ದ್ವಿತೀಯಾಕ್ಷರ ಪ್ರಾಸ, ಅಂದರೆ ಸಾಲುಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ, ಇರಲೇಬೇಕು ಎನ್ನುತ್ತಿದ್ದ ಕಾಲದಲ್ಲಿ, 1911ರಲ್ಲಿ, ಅವರು ಅದನ್ನು ಬಿಟ್ಟರು. ಅವರು ರಾಷ್ಟ್ರಕವಿ ಎಂಬುದಕ್ಕಿಂತ ಈ ಸಂಗತಿ ಬರೆಯುವವರಿಗೆ ಹೆಚ್ಚು ಉಪಯೋಗದ್ದು. ಪ್ರಾಸ ಹೋದಮೇಲೆ ಸಾಲನ್ನು ಹಿಡಿದು ನಿಲ್ಲಿಸುವ ಹೊಣೆ ಯಾವುದರ ಮೇಲೆ ಬಿತ್ತು ಎಂದು ಪದ್ಯವನ್ನು ಮುಂದಿಟ್ಟುಕೊಂಡೇ ಪರೀಕ್ಷಿಸಬಹುದು. ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ಇಲ್ಲಿನ ಮುಸ್ಲಿಂ ಮನೆಗಳ ಬದುಕನ್ನು ಕನ್ನಡಕ್ಕೆ ತಂದರು. ಮನೆಯೊಳಗೆ ಬೇರೊಂದು ಭಾಷೆಯಲ್ಲಿ ನಡೆಯುವ ಮಾತು ಕನ್ನಡ ಸಂಭಾಷಣೆಯಾಗುವಾಗ ಯಾವ ಪದ ಹಾಗೇ ಉಳಿಯಬೇಕು, ಯಾವುದು ಬದಲಾಗಬೇಕು? ತುಳು, ಮಲಯಾಳ, ಕೊಂಕಣಿ, ಹವ್ಯಕ ಮಾತಿನ ನಡುವೆ ಬರೆಯುವ ನಮಗೆಲ್ಲ ಇದು ಪ್ರತಿ ಪುಟದಲ್ಲೂ ಎದುರಾಗುವ ಪ್ರಶ್ನೆ. ಲೇಖಕರು ಎದುರಿಗೇ ಇದ್ದಾಗ ಕೇಳಬೇಕಾದದ್ದು ಇಂಥದನ್ನು.

ಕೇಳಬೇಕಾದರೆ ಓದಿಕೊಂಡು ಹೋಗಬೇಕು. ಅವರ ಪುಸ್ತಕಗಳನ್ನೆಲ್ಲ ಓದಲು ಪುರುಸೊತ್ತಿಲ್ಲದಿದ್ದರೆ ಒಂದೇ ಕತೆಯನ್ನು ಎರಡು ಸಲ ಓದಿ. ಎರಡನೇ ಸಲ, ನೀವಾಗಿದ್ದರೆ ಬೇರೆ ರೀತಿ ಬರೆಯುತ್ತಿದ್ದಿರಿ ಅನ್ನಿಸುವ ಜಾಗಕ್ಕೆ ಗೆರೆ ಎಳೆಯಿರಿ. ನಿಮ್ಮ ಪ್ರಶ್ನೆ ಅಲ್ಲೇ ಸಿಗುತ್ತದೆ. ‘ನಿಮಗೆ ಪ್ರೇರಣೆ ಯಾರು?’ ಎಂದರೆ ಹತ್ತು ಸಭೆಗಳಲ್ಲಿ ಹೇಳಿದ ಉತ್ತರವೇ ಬರುತ್ತದೆ. ‘ಈ ಕತೆಯಲ್ಲಿ ತಾಯಿ ಕೊನೆವರೆಗೂ ಬಾಯಿ ಬಿಡುವುದಿಲ್ಲ. ಮೊದಲ ಕರಡಿನಲ್ಲೂ ಹಾಗೇ ಇತ್ತೆ?’ ಎಂದು ಕೇಳಿ. ಅವರು ತುಸು ಹೊತ್ತು ಯೋಚಿಸಿ ಮಾತಾಡಿದರೆ ಪ್ರಶ್ನೆ ಸರಿಯಾದ ಕಡೆ ತಾಗಿದೆ ಎಂದರ್ಥ.

ಮೊಬೈಲಿನಲ್ಲಿ ಭಾಷಣವನ್ನೆಲ್ಲ ರೆಕಾರ್ಡ್ ಮಾಡುವ ಅಭ್ಯಾಸ ಬೇಡ. ಮಾತು ಹೇಗೂ ಫೋನಿನಲ್ಲಿದೆ ಎಂಬ ಧೈರ್ಯದಲ್ಲಿ ಕಿವಿ ಸಡಿಲವಾಗುತ್ತದೆ, ಆಮೇಲೆ ಅದನ್ನು ಪೂರ್ತಿ ಕೇಳುವವರು ಕಡಮೆ. ಪುಟ್ಟ ನೋಟ್‌ಬುಕ್ ಸಾಕು. ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಲೇಖಕರ ಮಾತನ್ನೂ ಬಲಕ್ಕೆ ಆ ಮಾತಿನಿಂದ ನಿಮಗೆ ನೆನಪಾದ ನಿಮ್ಮದೇ ಊರು, ಮನೆ, ಮುಖಗಳನ್ನೂ ಬರೆಯಿರಿ. ನಿಮಗೆ ದಕ್ಕಿದ್ದು ಬಲಬದಿಯದು. ಅದು ಖಾಲಿಯೇ ಉಳಿದರೆ ಒಳ್ಳೆಯ ಮಾತು ಕೇಳಿದ ಸಂತೋಷ ಸಿಕ್ಕಿತು, ಅಷ್ಟೆ. ಅಂದು ಕತೆ ಬರೆಯಲೇಬೇಕೆಂದು ಹಟ ಹಿಡಿಯಬೇಡಿ.

ವಾಪಸು ಬರುವಾಗ ಜೊತೆಗಿದ್ದವರಿಗೆ ಕತೆ ಹೇಳಬೇಡಿ. ಹೇಳಿ, ಅವರು ‘ಲಾಯ್ಕಿದೆ’ ಎಂದುಬಿಟ್ಟರೆ ಬರೆದಷ್ಟೇ ಸಮಾಧಾನವಾಗಿ, ಬರೆಯುವ ಒತ್ತಾಯ ಅರ್ಧಕ್ಕರ್ಧ ಇಳಿಯುತ್ತದೆ. ಅದೇ ರಾತ್ರಿ ಮಲಗುವ ಮುಂಚೆ ಇಪ್ಪತ್ತು ನಿಮಿಷ ಕೂತು ಒಂದು ದೃಶ್ಯ ಬರೆದಿಡಿ: ಎಲ್ಲಿ, ಯಾರು, ಕೈಯಲ್ಲಿ ಏನಿದೆ, ಮೊದಲು ಮಾತಾಡುವವರು ಯಾರು. ನೂರೈವತ್ತು ಪದ ಧಾರಾಳವಾಯಿತು. ಕತೆಯ ಆರಂಭಕ್ಕೆ, ಅರ್ಥಕ್ಕೆ ಆಗ ಕೈ ಹಾಕಬೇಡಿ. ಮರುದಿನ ನಿಮ್ಮ ಕೈ ನಿಂತದ್ದು ಆರಂಭದಲ್ಲೇ. ಈ ದೃಶ್ಯ ಎದುರಿಗಿದ್ದರೆ ಅದರ ಹಿಂದಿನದನ್ನೋ ಮುಂದಿನದನ್ನೋ ಬರೆಯಲು ದಾರಿ ಸಿಗುತ್ತದೆ.

ಇನ್ನು ಧಾಟಿಯ ತೊಂದರೆ. ಒಬ್ಬರೇ ಲೇಖಕರನ್ನು ಹೊತ್ತುಗಟ್ಟಲೆ ಕೇಳಿದಮೇಲೆ ಅವರ ವಾಕ್ಯದ ಏರಿಳಿತ ಕೆಲವು ದಿನ ಕಿವಿಯಲ್ಲಿ ಉಳಿಯುವುದು ಸಹಜ, ಹೆದರಬೇಕಾಗಿಲ್ಲ. ಆ ದಿನಗಳಲ್ಲಿ ನಿರೂಪಣೆ ಬಿಟ್ಟು ಪಾತ್ರಗಳ ಸಂಭಾಷಣೆ ಮಾತ್ರ ಬರೆಯಿರಿ. ನಿಮ್ಮ ಅಜ್ಜಿಯ, ನೆರೆಮನೆಯವರ ಬಾಯಲ್ಲಿ ಆ ಲೇಖಕರ ವಾಕ್ಯ ಹೊರಳುವುದಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿ. ಎಲ್ಲಿ ಎರವಲು ದನಿ ಕೇಳಿಸುತ್ತದೋ ಅಲ್ಲಿ ಗುರುತು ಹಾಕಿ.

ಒಬ್ಬರ ಧಾಟಿಯಿಂದ ಹೊರಬರಲು ಇನ್ನೊಂದು ದಾರಿ ನಮ್ಮ ಊರಲ್ಲೇ ಇದೆ: ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಯನ್ನು, ಅಂದರೆ ಹಾಡಿದ ಪದಕ್ಕೆ ಪಾತ್ರವಾಗಿ ಮಾತು ಕಟ್ಟುವ ಕಲಾವಿದರನ್ನು, ಕೊಟ್ಟ ನೆಲ ಇದು. ಒಂದೇ ‘ವಾಲಿವಧೆ’ಯನ್ನು ಇಬ್ಬರು ಬೇರೆ ಬೇರೆ ವಾಲಿಗಳಿಂದ ಕೇಳಿ. ಭಾಗವತರು ಹಾಡುವ ಪದ ಅದೇ. ಆದರೆ ಬಾಣ ನಾಟಿದ ವಾಲಿ ರಾಮನನ್ನು ಪ್ರಶ್ನಿಸತೊಡಗುವುದು ಒಬ್ಬರಲ್ಲಿ ಧರ್ಮದಿಂದ, ಇನ್ನೊಬ್ಬರಲ್ಲಿ ತಮ್ಮನ ಮೇಲಿನ ನೋವಿನಿಂದ. ಯಾರು ಎಲ್ಲಿಂದ ಎತ್ತಿಕೊಂಡರು, ಎದುರಾಳಿಯ ಯಾವ ಮಾತನ್ನು ಹಿಡಿದು ಮುಂದೆ ಹೋದರು, ಯಾವುದನ್ನು ಉತ್ತರಿಸದೆ ಬಿಟ್ಟರು ಎಂದು ಗಮನಿಸಿ. ಸಂಭಾಷಣೆ ಕಟ್ಟುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನಮಗೆ ತಿಳಿದಿಲ್ಲ.

ಕತೆಯನ್ನು ಆ ಲೇಖಕರಿಗೆ ಕೊಡುವ ವಿಚಾರ. ಸಭೆ ಮುಗಿದ ಗಡಿಬಿಡಿಯಲ್ಲಿ ಕೈಗೆ ತುರುಕಬೇಡಿ. ಊಟದ ಎಲೆಯ ಮುಂದೆಯೋ ಕಾರಿನ ಸೀಟಿನಲ್ಲೋ ಅದು ಉಳಿದುಹೋಗುತ್ತದೆ. ‘ಎರಡು ಪುಟ ಕಳಿಸಬಹುದೆ?’ ಎಂದು ಕೇಳಿ, ಒಪ್ಪಿದರೆ ವಿಳಾಸ ಪಡೆದು, ತಿಂಗಳು ಬಿಟ್ಟು, ತಿದ್ದಿದ ಪ್ರತಿ ಕಳಿಸಿ. ‘ಹೇಗಿದೆ’ ಎನ್ನುವ ಬದಲು ನಿಮಗೆ ಅನುಮಾನವಿರುವ ಒಂದು ಜಾಗವನ್ನು ತೋರಿಸಿದರೆ ಉತ್ತರ ಬರೆಯಲು ಅವರಿಗೂ ಸುಲಭ. ಪೂರ್ತಿ ಕತೆಯನ್ನು ನಮಗೆ ಕಳಿಸಿ, ಓದುತ್ತೇವೆ.

— ಸಂಪಾದಕ